ಲ್ಯಾಪ್‌ಟಾಪ್ ಯಾವ ಕಂಪನಿದು ಅನ್ನೋದು ಆಮೇಲೆ, ಕೆಟ್ರೆ ಹುಬ್ಬಳ್ಳಿ ಬಸ್ ಹತ್ತೋರು ಯಾರು?

ಹಾವೇರಿ: ಲ್ಯಾಪ್‌ಟಾಪ್ ತಗೋಬೇಕು, ಯಾವ ಕಂಪನಿದು ಒಳ್ಳೇದು ಅಂತ ಕೇಳೋರು ಈಗ ಜಾಸ್ತಿ ಆಗಿದಾರೆ. ಇದಕ್ಕೆ ಕಾರಣ ಎರಡು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡ್ತಿದ್ದ ಸಪೋರ್ಟ್ ಮುಗಿಸಿತು. ಕಂಪನಿಯ ನಿಯಮದ ಪ್ರಕಾರ ಹಳೇ ಮಷಿನ್‌ಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಕೂರೋದಿಲ್ಲ. ಅದರ ಬೆನ್ನಿಗೇ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ಳೋಕೆ ಶುರು ಮಾಡಿ, 2025ರ ಕೊನೆಯಿಂದ ರ‍್ಯಾಮ್ ರೇಟು ಮೇಲೆ ಹೋಯ್ತು. ಇನ್ನೂ ಏರೋ ಮೊದ್ಲೇ ತಗೊಂಡುಬಿಡೋಣ ಅನ್ನೋ ಅವಸರ ಜನರಿಗೆ.

ಅವಸರ ಅರ್ಥ ಆಗುತ್ತೆ. ಆದರೆ ನಮ್ಮ ಜಿಲ್ಲೆಯಲ್ಲಿ ಲ್ಯಾಪ್‌ಟಾಪ್ ತಗೊಳ್ಳೋರು ಕೇಳ್ತಿರೋ ಪ್ರಶ್ನೆಯೇ ಬೆಂಗಳೂರಿನವರ ಪ್ರಶ್ನೆ. ಅಲ್ಲಿ ಮಷಿನ್ ಕೆಟ್ಟರೆ ಆಟೋದಲ್ಲಿ ಹೋಗಿ ಕೊಟ್ಟು ಬರ್ತಾರೆ. ಹಿರೇಕೆರೂರಿನ ಹುಡುಗಿ ಹುಬ್ಬಳ್ಳಿಗೆ ಹೋಗಬೇಕು ಅಂದ್ರೆ ನೂರು ಕಿಲೋಮೀಟರ್ ಮೇಲಾಗುತ್ತೆ. ಕೊಡೋಕೆ ಒಂದು ದಿನ, ವಾಪಸ್ ತರೋಕೆ ಇನ್ನೊಂದು ದಿನ. ಮೆಣಸಿನಕಾಯಿ ಮಾರಿ ಬಂದ ದುಡ್ಡಲ್ಲಿ 45-50 ಸಾವಿರ ಎತ್ತಿಕೊಟ್ಟ ಅಪ್ಪನಿಗೆ ಈ ಎರಡು ದಿನದ ಲೆಕ್ಕ ಅಂಗಡಿಯಲ್ಲಿ ಯಾರೂ ಹೇಳಿರೋದಿಲ್ಲ.

ಮೊದಲು ಈ 'ನಂಬರ್ ಒನ್ ಬ್ರ್ಯಾಂಡ್' ವಿಷಯ ಮುಗಿಸಿಬಿಡೋಣ. 2009ರಲ್ಲಿ ಸ್ಕ್ವೇರ್‌ಟ್ರೇಡ್ ಅನ್ನೋ ಅಮೆರಿಕದ ಕಂಪನಿ 30 ಸಾವಿರ ಲ್ಯಾಪ್‌ಟಾಪ್‌ಗಳ ಲೆಕ್ಕ ತೆಗೆದು ಒಂದು ವರದಿ ಬಿಟ್ಟಿತ್ತು. ಈ ಕಂಪನಿಯ ವ್ಯಾಪಾರವೇ ಎಕ್ಸ್‌ಟೆಂಡೆಡ್ ವಾರಂಟಿ ಮಾರೋದು, ಅದು ತಲೇಲಿರಲಿ. ಮೂರು ವರ್ಷದಲ್ಲಿ ಹೆಚ್ಚುಕಡಿಮೆ ಮೂರಕ್ಕೆ ಒಂದು ಲ್ಯಾಪ್‌ಟಾಪ್ ಕೈ ಕೊಡುತ್ತೆ ಅಂತ ಆ ವರದಿ ಹೇಳಿತು. ಬಿದ್ದು ಒಡೆದಿದ್ದು ಬಿಟ್ಟು ತಾನಾಗೇ ಕೆಟ್ಟಿದ್ದನ್ನ ಮಾತ್ರ ಹಿಡಿದರೆ ಏಸಸ್ ಮತ್ತು ತೊಶಿಬಾ ಸುಮಾರು ಶೇ 16ರಲ್ಲಿ ಎಲ್ಲರಿಗಿಂತ ಮುಂದೆ, ಎಚ್‌ಪಿ ಶೇ 25 ದಾಟಿ ಕೊನೆಗೆ. ಅಂದ್ರೆ ಅತ್ಯುತ್ತಮ ಅನಿಸಿಕೊಂಡ ಕಂಪನಿಯ ಆರು ಲ್ಯಾಪ್‌ಟಾಪ್‌ನಲ್ಲಿ ಒಂದು ಕೆಟ್ಟಿತ್ತು. ಕೊನೇ ಕಂಪನಿಯ ನಾಲ್ಕರಲ್ಲಿ ಮೂರು ಚೆನ್ನಾಗೇ ಓಡ್ತಿದ್ವು.

ಆ ಪಟ್ಟಿಯಲ್ಲಿ ಮೇಲಿದ್ದ ತೊಶಿಬಾ ಏನಾಯ್ತು? 2018ರಲ್ಲಿ ಲ್ಯಾಪ್‌ಟಾಪ್ ವ್ಯಾಪಾರದ ಶೇ 80ರಷ್ಟು ಪಾಲನ್ನ ಶಾರ್ಪ್ ಕಂಪನಿಗೆ ಮಾರಿತು, 2020ರಲ್ಲಿ ಉಳಿದಿದ್ದನ್ನೂ ಕೊಟ್ಟು ಕೈ ತೊಳಕೊಂಡಿತು. ಮೂರು ವರ್ಷ ಓಡಿಸಿ ನೋಡದೆ ಇಂಥ ಪಟ್ಟಿ ತಯಾರಾಗಲ್ಲ. ಪಟ್ಟಿ ತಯಾರಾಗೋ ಹೊತ್ತಿಗೆ ಆ ಮಾಡೆಲ್ ಅಂಗಡಿಯಲ್ಲಿರಲ್ಲ. ಹಾಗಾಗಿ ಆ ಹಳೇ ಲೆಕ್ಕ ಹಿಡ್ಕೊಂಡು ಇವತ್ತಿನ ಎಚ್‌ಪಿಯನ್ನ ಬೈಯೋದೂ ತಪ್ಪು, ಏಸಸ್‌ನ ಹೊಗಳೋದೂ ತಪ್ಪು.

ಇನ್ನೊಂದು ಗೊಂದಲ ಹೆಸರಿನದು. ಲೆನೊವೊ ಗಟ್ಟಿ ಅಂತಾರೆ. ಯಾವ ಲೆನೊವೊ? ಆಫೀಸುಗಳಿಗೆ ಅಂತ ಮಾಡೋ ಥಿಂಕ್‌ಪ್ಯಾಡ್ ಬೇರೆ, ಮನೆ ಬಳಕೆಗೆ ಮಾಡೋ ಐಡಿಯಾಪ್ಯಾಡ್ ಬೇರೆ. ಡೆಲ್‌ನಲ್ಲಿ ಲ್ಯಾಟಿಟ್ಯೂಡ್ ಒಂದು ಜಾತಿ ಆಗಿತ್ತು, ಇನ್ಸ್‌ಪಿರಾನ್ ಇನ್ನೊಂದು. ಎಚ್‌ಪಿಯಲ್ಲಿ ಪ್ರೋಬುಕ್ ಒಂದು, ಪೆವಿಲಿಯನ್ ಒಂದು ಇತ್ತು. ಬಾಡಿ ಬೇರೆ, ಜೊತೆಗೆ ಸಿಗೋ ವಾರಂಟಿ ಪ್ಲಾನೂ ಬೇರೆ ಇರುತ್ತೆ. ಐಟಿ ಕಂಪನಿಯಲ್ಲಿರೋ ಅಣ್ಣ 'ನಂದು ಐದು ವರ್ಷದಿಂದ ಏನೂ ಆಗಿಲ್ಲ' ಅಂತಾನೆ. ಅವನಿಗೆ ಆಫೀಸಲ್ಲಿ ಕೊಟ್ಟಿದ್ದು ಥಿಂಕ್‌ಪ್ಯಾಡ್. ಅವನ ಮಾತು ಕೇಳಿ ತಮ್ಮ ತರೋದು ಐಡಿಯಾಪ್ಯಾಡ್.

ಹಾಗಾದ್ರೆ ನಮಗೆ ನಿಜವಾಗಿ ಬೇಕಾಗಿರೋ ಮಾಹಿತಿ ಯಾವುದು? ಆ ಮಾಡೆಲ್‌ಗೆ ಇರೋದು ಆನ್‌ಸೈಟ್ ವಾರಂಟಿನೋ, ಕ್ಯಾರಿ-ಇನ್ ವಾರಂಟಿನೋ ಅನ್ನೋದು. ಆನ್‌ಸೈಟ್ ಅಂದ್ರೆ ಇಂಜಿನಿಯರ್ ನಿಮ್ಮ ಮನೆಗೆ ಬರ್ತಾರೆ. ಕ್ಯಾರಿ-ಇನ್ ಅಂದ್ರೆ ನೀವೇ ಹೊತ್ಕೊಂಡು ಹೋಗಬೇಕು. ಒಂದೇ ಕಂಪನಿಯ ಎರಡು ಮಾಡೆಲ್‌ಗೆ ಇದು ಎರಡು ತರ ಇರಬಹುದು. ಡಬ್ಬದ ಮೇಲೆ 'ಒಂದು ವರ್ಷ ವಾರಂಟಿ' ಅಂತ ದಪ್ಪಕ್ಷರದಲ್ಲಿರುತ್ತೆ, ಈ ವ್ಯತ್ಯಾಸ ಸಣ್ಣಕ್ಷರದಲ್ಲಿರುತ್ತೆ. ಎರಡು ಸಾವಿರ ಕಮ್ಮಿ ಅಂತ ಕ್ಯಾರಿ-ಇನ್ ಮಾಡೆಲ್ ತಗೊಂಡವರು ಒಂದೇ ಸಲ ಕೆಟ್ಟರೂ ಆ ಉಳಿತಾಯವನ್ನ ಬಸ್ ಚಾರ್ಜು, ಕೂಲಿ, ಕ್ಲಾಸು ಅಂತ ಕಳಕೊಂಡಿರ್ತಾರೆ.

ಆನ್‌ಸೈಟ್ ಅಂತ ಇದ್ದ ಮಾತ್ರಕ್ಕೆ ನಾಳೆ ಬೆಳಗ್ಗೆ ಇಂಜಿನಿಯರ್ ಬಾಗಿಲು ಬಡೀತಾರೆ ಅಂತಲ್ಲ. ಮೊದಲು ಫೋನಲ್ಲಿ ಪರೀಕ್ಷೆ ನಡೆಯುತ್ತೆ. ಆ ಬಟನ್ ಒತ್ತಿ, ಈ ಫೋಟೋ ಕಳಿಸಿ, ವಿಂಡೋಸ್ ಮತ್ತೆ ಹಾಕಿ ನೋಡಿ ಅಂತಾರೆ. 'ನೆಕ್ಸ್ಟ್ ಬಿಸಿನೆಸ್ ಡೇ' ಅನ್ನೋ ಮಾತು ಲೆಕ್ಕಕ್ಕೆ ಬರೋದು ಆ ಪರೀಕ್ಷೆ ಮುಗಿದ ಮೇಲೆ. ಅದೂ ಪಾರ್ಟ್ ಸ್ಟಾಕ್ ಇದ್ದು, ನಿಮ್ಮ ಊರು ಅವರ ಪಟ್ಟಿಯಲ್ಲಿದ್ರೆ. ಅದಕ್ಕೇ ದುಡ್ಡು ಕೊಡೋ ಮೊದ್ಲು ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ನಿಮ್ಮ ಊರಿನ ಪಿನ್‌ಕೋಡ್ ಹೇಳಿ, ಇಲ್ಲಿಗೆ ಇಂಜಿನಿಯರ್ ಬರ್ತಾರಾ ಅಂತ ನೇರ ಕೇಳಿಬಿಡಿ. ಸವಣೂರು ಅಂದ್ರೆ ಎಲ್ಲಿ ಅಂತ ಅವರೇ ವಾಪಸ್ ಕೇಳಿದ್ರೆ ಉತ್ತರ ಸಿಕ್ಕಂಗೇ ನೋಡ್ರಿ.

ವಾರಂಟಿ ಶುರುವಾಗೋ ತಾರೀಕಿನದೂ ಒಂದು ಗೋಳಿದೆ. ಮಷಿನ್ ಹಿಂದೆ ಸೀರಿಯಲ್ ನಂಬರ್ ಇರುತ್ತೆ, ಡೆಲ್‌ನವರು ಅದನ್ನ ಸರ್ವಿಸ್ ಟ್ಯಾಗ್ ಅಂತಾರೆ. ಅದನ್ನ ಕಂಪನಿ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಯಾವಾಗ ಮುಗಿಯುತ್ತೆ ಅಂತ ಗೊತ್ತಾಗುತ್ತೆ. ಅಂಗಡಿಯಲ್ಲಿ ನಾಲ್ಕೈದು ತಿಂಗಳು ಕೂತಿದ್ದ ಪೀಸ್ ಆದ್ರೆ ಅಲ್ಲಿ ನೀವು ಕೊಂಡ ದಿನ ಇರದೆ, ಕಂಪನಿಯಿಂದ ಹೊರಟ ದಿನದಿಂದಲೇ ಎಣಿಕೆ ಶುರುವಾಗಿರಬಹುದು. ಜಿಎಸ್‌ಟಿ ಬಿಲ್ ಕಳಿಸಿದರೆ ತಿದ್ದುತ್ತಾರೆ. ಬಿಲ್ ಬೇಡ ಅಂದ್ರೆ ರೇಟು ಕಮ್ಮಿ ಮಾಡ್ತೀನಿ ಅನ್ನೋ ಅಂಗಡಿಯಲ್ಲಿ ಕೊಂಡವರ ಕೈಯಲ್ಲಿ ಏನೂ ಇರಲ್ಲ. ಬಿಲ್ ಕೊಡದೆ ಮಾರೋದನ್ನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆಯುತ್ತೆ.

ಹೆಚ್ಚು ಜಗಳ ಆಗೋದು ಮಾತ್ರ 'ಸಿಐಡಿ' ವಿಷಯದಲ್ಲಿ. ಪೊಲೀಸ್ ಸಿಐಡಿ ಅಲ್ಲ. ಸರ್ವಿಸ್ ಸೆಂಟರ್ ಭಾಷೆಯಲ್ಲಿ ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್, ಅಂದ್ರೆ ಗಿರಾಕಿಯೇ ಮಾಡಿಕೊಂಡ ಹಾನಿ. ಸ್ಕ್ರೀನ್ ಬಿರುಕು, ನೀರು ಬಿದ್ದಿದ್ದು, ಮೂಲೆ ಒಡೆದಿದ್ದು ಎಲ್ಲ ಇದರಲ್ಲಿ ಬರುತ್ತೆ, ವಾರಂಟಿ ಸಿಗಲ್ಲ. ಅದಕ್ಕೆ ಬೇರೆ ದುಡ್ಡು ಕೊಟ್ಟು ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ತಗೋಬೇಕು. ನಾನು ಬಿಕಾಂ ಎರಡನೇ ವರ್ಷದಲ್ಲಿದ್ದಾಗ ತಗೊಂಡ ಲ್ಯಾಪ್‌ಟಾಪ್‌ನ ಹಿಂಜ್, ಅಂದ್ರೆ ಸ್ಕ್ರೀನ್ ತೆಗೆದು ಮುಚ್ಚೋ ಕೀಲು, ಹನ್ನೊಂದನೇ ತಿಂಗಳಿಗೆ ಬಿರುಕು ಬಿಡ್ತು. ಕಂಪನಿ ಹೆಸರು ಇಲ್ಲಿ ಬೇಡ. ಬೀಳಿಸಿಲ್ಲ ಅಂದ್ರೂ ಫೋಟೋ ನೋಡಿ 'ಫಿಸಿಕಲ್ ಡ್ಯಾಮೇಜ್' ಅಂದ್ರು, 9 ಸಾವಿರ ಕೇಳಿದ್ರು. ರಾಣೆಬೆನ್ನೂರಿನ ರಿಪೇರಿ ಅಂಗಡಿಯಲ್ಲಿ ಸ್ಕ್ರೂ ಹಾಕಿ ಎಮ್-ಸೀಲ್ ತುಂಬಿ 600 ರೂಪಾಯಿ ತಗೊಂಡ್ರು. ಈಗಲೂ ಅದರಲ್ಲೇ ಸುದ್ದಿ ಬರೀತಿದೀನಿ. ತಾನಾಗೇ ಬಿಟ್ಟ ಬಿರುಕಿಗೂ ಕೈಜಾರಿ ಬಿದ್ದಿದ್ದಕ್ಕೂ ವ್ಯತ್ಯಾಸ ತೀರ್ಮಾನ ಮಾಡೋದು ಕಂಪನಿಯ ಕಡೆಯವರೇ ಆದ್ರೆ ತೀರ್ಪು ಯಾವ ಕಡೆ ವಾಲುತ್ತೆ ಅಂತ ಬೇರೆ ಹೇಳಬೇಕಿಲ್ಲ. ಡಬ್ಬ ಬಿಚ್ಚಿದ ದಿನವೇ ನಾಲ್ಕೂ ಮೂಲೆ, ಹಿಂಜ್ ಫೋಟೋ ತೆಗೆದಿಟ್ಟುಕೊಳ್ಳಿ. ಸರ್ವಿಸ್‌ಗೆ ಕೊಡೋವಾಗ ಇನ್ನೊಮ್ಮೆ ತೆಗೀರಿ, ಜಾಬ್ ಶೀಟ್‌ನಲ್ಲಿ ಏನು ಬರೆದಿದಾರೆ ಓದಿ ಸಹಿ ಹಾಕಿ. ಒಳಗಿನ ಫೈಲ್‌ಗಳಿಗೆ ಕಂಪನಿ ಜವಾಬ್ದಾರಿ ತಗೊಳ್ಳಲ್ಲ ಅನ್ನೋದೂ ನೆನಪಿರಲಿ, ಅದರಲ್ಲೂ ಊರವರ ಆಧಾರ್ ಕಾಪಿ ತುಂಬಿಕೊಂಡಿರೋ ಆನ್‌ಲೈನ್ ಸೆಂಟರ್‌ನವರು.

ಈ ಸೆಂಟರ್‌ನವರು, ಡಿಟಿಪಿಯವರು ಹೆಚ್ಚಾಗಿ ಇಟ್ಟುಕೊಳ್ಳೋದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಅದರಲ್ಲಿ ಒಂದು ಅನುಕೂಲ: ಒಂದು ಪಾರ್ಟ್ ಹೋದ್ರೆ ಅದೊಂದನ್ನೇ ಬಿಚ್ಚಿ ಕಳಿಸಬಹುದು, ಅಂಗಡಿ ಮುಚ್ಚಬೇಕಿಲ್ಲ. ಆದರೆ ಇಡೀ ಮಷಿನ್‌ಗೆ ಒಂದು ವಾರಂಟಿ ಅಂತ ಇರಲ್ಲ. ಪ್ರೊಸೆಸರ್‌ಗೆ ಮೂರು ವರ್ಷ, ಎಸ್‌ಎಸ್‌ಡಿಗೆ ಮೂರೋ ಐದೋ, ಹೀಗೆ ಒಂದೊಂದಕ್ಕೆ ಒಂದೊಂದು. ಬಿಲ್‌ನಲ್ಲಿ 'ಕಂಪ್ಯೂಟರ್ ಸೆಟ್ 1' ಅಂತ ಒಂದೇ ಸಾಲು ಬರೆಸಿಕೊಂಡವರು ಆಮೇಲೆ ಪರದಾಡ್ತಾರೆ. ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬಿಲ್‌ನಲ್ಲಿ ಇರಬೇಕು.

ಕಂಪನಿ ಹೇಗೆ ಅಂತ ನೋಡೋದಾದ್ರೆ ದೋಷ ಬಯಲಾದ ಮೇಲೆ ಹೇಗೆ ನಡಕೊಳ್ತಾರೆ ಅನ್ನೋದನ್ನ ನೋಡಬೇಕು. ಇಂಟೆಲ್ ಕಂಪನಿಯ 13 ಮತ್ತು 14ನೇ ಜನರೇಷನ್ನಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಮತ್ತೆ ಮತ್ತೆ ಹ್ಯಾಂಗ್ ಆಗ್ತಿದ್ವು. ತಿಂಗಳುಗಟ್ಟಲೆ ದೂರು ಬಂದ ಮೇಲೆ 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ಮೂರು ವರ್ಷದ ವಾರಂಟಿಗೆ ಇನ್ನೆರಡು ವರ್ಷ ಸೇರಿಸಿತು. ತಡ ಆಯ್ತು, ಆದ್ರೂ ಆಯ್ತು. ಇದರಲ್ಲಿ ಇನ್ನೊಂದು ಪಾಠವೂ ಇದೆ: ಡಬ್ಬ ಸಮೇತ ಕೊಂಡ ಪ್ರೊಸೆಸರ್‌ಗೆ ಇಂಟೆಲ್ ನೇರ ವಾರಂಟಿ ಕೊಡುತ್ತೆ, ಡಬ್ಬ ಇಲ್ಲದ 'ಟ್ರೇ' ಪೀಸ್ ಆದ್ರೆ ಮಾರಿದವರನ್ನೇ ಕೇಳಬೇಕು. ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ರ‍್ಯಾಮ್, ಎಸ್‌ಎಸ್‌ಡಿಗಳನ್ನ ಜನರಿಗೆ ಮಾರೋದು ನಿಲ್ಲಿಸ್ತೀವಿ ಅಂತ ಘೋಷಿಸಿತು. ಗುಜರಾತಿನ ಸಾಣಂದದಲ್ಲಿ ಚಿಪ್ ಘಟಕ ಹಾಕಿರೋ ಕಂಪನಿ ಇದೇ. ಮಾರಿದ್ದಕ್ಕೆ ವಾರಂಟಿ ಮುಂದುವರಿಯುತ್ತೆ ಅಂದಿದಾರೆ. ಕ್ರೂಷಿಯಲ್ ಹಾಕಿಸಿಕೊಂಡವರು ಬಿಲ್ ಹುಡುಕಿ ಇಟ್ಕೊಳ್ಳಿ.

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಅಂತ ಒಂದು ಶುರು ಮಾಡಿತು. ಅದು ಮಾಹಿತಿ ಪೋರ್ಟಲ್, ಕಾನೂನಲ್ಲ. ಯಾವ ವಸ್ತು ಎಷ್ಟು ಸುಲಭವಾಗಿ ರಿಪೇರಿ ಆಗುತ್ತೆ ಅಂತ ಅಂಕ ಕೊಡೋ ರಿಪೇರಬಿಲಿಟಿ ಇಂಡೆಕ್ಸ್ ಬಗ್ಗೆ 2025ರಲ್ಲಿ ಒಂದು ಸಮಿತಿ ವರದಿ ಕೊಟ್ಟಿದೆ. ಮೊದಲಿಗೆ ಆರಿಸಿಕೊಂಡಿರೋದು ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್. ಮೊಬೈಲ್‌ಗಿಂತ ಮೂರು ಪಟ್ಟು ದುಡ್ಡು ಹಾಕೋ ಲ್ಯಾಪ್‌ಟಾಪ್ ಯಾಕೆ ಮೊದಲ ಸಾಲಿನಲ್ಲಿಲ್ಲ?

ಸದ್ಯಕ್ಕೆ ಕೈಯಲ್ಲಿರೋ ಅಸ್ತ್ರ ಗ್ರಾಹಕ ಕಾಯ್ದೆಯೇ. ಮೊದಲ ಮೆಟ್ಟಿಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅವರಿಗೆ ಕೋರ್ಟಿನ ಅಧಿಕಾರ ಇಲ್ಲ, ಆದರೆ ದೂರನ್ನ ಕಂಪನಿಗೆ ಮುಟ್ಟಿಸ್ತಾರೆ. ಆನ್‌ಲೈನ್‌ನಲ್ಲಿ ಕೊಂಡಿದ್ರೆ 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಅಲ್ಲಿಗೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಹಳೇ ಕಾಯ್ದೆಯಲ್ಲಿ ಕಂಪನಿ ಇರೋ ಊರಿಗೋ, ಕೊಂಡ ಊರಿಗೋ ಹೋಗಬೇಕಾಗಿತ್ತು. 2019ರ ಕಾಯ್ದೆಯ 34ನೇ ಸೆಕ್ಷನ್ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು ಅಂತ ಹೇಳುತ್ತೆ. ಅಂದ್ರೆ ಈ ಸಲ ಹಾವೇರಿಗೆ ಬರಬೇಕಾಗಿರೋದು ಕಂಪನಿಯವರು. ವಸ್ತುವಿನ ಬೆಲೆ 5 ಲಕ್ಷದ ಒಳಗಿದ್ರೆ ಫೀಸ್ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಕೂತಲ್ಲಿಂದಲೇ ಹಾಕಬಹುದು. ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದ್ರೆ ಐದು ತಿಂಗಳಲ್ಲಿ ಮುಗಿಸೋಕೆ ಪ್ರಯತ್ನ ಮಾಡಬೇಕು ಅಂತ ಕಾಯ್ದೆ ಹೇಳುತ್ತೆ. ಕಾಗದದ ಮೇಲಿನ ಗಡುವು ಅದು, ಹೆಚ್ಚೂ ಆಗಬಹುದು.

ಡಿಟಿಪಿ ಅಂಗಡಿ, ಆನ್‌ಲೈನ್ ಸೆಂಟರ್ ನಡೆಸೋರಿಗೆ 'ನೀವು ವ್ಯಾಪಾರಕ್ಕೆ ತಗೊಂಡಿದ್ದು, ಗ್ರಾಹಕರಲ್ಲ' ಅಂತ ಹೇಳಿ ಬಾಯಿ ಮುಚ್ಚಿಸೋದುಂಟು. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡೋಕೆ ಅಂತಲೇ ಕೊಂಡು ತಾನೇ ಬಳಸೋನು ಗ್ರಾಹಕನೇ ಅಂತ ಕಾಯ್ದೆಯ ವ್ಯಾಖ್ಯಾನದಲ್ಲೇ ಇದೆ. ದೂರು ಹಾಕೋಕೆ ಇರೋ ಅವಧಿ, ಸಮಸ್ಯೆ ಹುಟ್ಟಿದ ದಿನದಿಂದ ಎರಡು ವರ್ಷ. ಕಸ್ಟಮರ್ ಕೇರ್‌ನವರು 'ನೋಡ್ತೀವಿ ಸರ್' ಅನ್ನೋದನ್ನ ಕೇಳ್ತಾ ಕೂತ್ರೂ ಆ ಎಣಿಕೆ ನಿಲ್ಲಲ್ಲ.