ಮೆತ್ತನೆಯ ನೆಲಹಾಸೂ ಶ್ರಾವಕನ ವಿವೇಕವೂ

ಮನೆಯ ನೆಲಕ್ಕೆ ಎಂಥ ರತ್ನಗಂಬಳಿ ಹಾಸಬೇಕೆಂಬುದು ಕೇವಲ ಅಂದಚೆಂದದ ಪ್ರಶ್ನೆ, ಅಲ್ಲಿ ಧರ್ಮದ ಮಾತೇಕೆ ಎಂದು ಕೇಳುವವರುಂಟು. ನೀರನ್ನು ಸೋಸಿ ಕುಡಿಯುವ, ರಾತ್ರಿಭೋಜನವನ್ನು ತ್ಯಜಿಸಿದ, ಗಡ್ಡೆಗೆಣಸನ್ನು ಅಡುಗೆಮನೆಗೆ ಸೇರಿಸದ ಕುಟುಂಬವೇ ನಡುಮನೆಗೆ ಮಾತ್ರ ಪಾದ ಹೂತುಹೋಗುವಂಥ ಕಾರ್ಪೆಟ್ಟನ್ನು ತಂದು ಹಾಸುತ್ತದೆ. ಅಡುಗೆಮನೆಯನ್ನು ಆಳುವ ಅಹಿಂಸೆಗೆ ನಡುಮನೆಯಲ್ಲಿ ಪ್ರವೇಶವಿಲ್ಲವೆಂದಾದರೆ ಅದು ವ್ರತವಲ್ಲ, ಅಭ್ಯಾಸ ಮಾತ್ರ.

ಕಾರ್ಪೆಟ್ಟಿನ ತಳಬಟ್ಟೆಯಿಂದ ಮೇಲಕ್ಕೆದ್ದು ನಿಲ್ಲುವ ನೂಲಿನ ಪದರವನ್ನು ವ್ಯಾಪಾರಿಗಳು ಪೈಲ್ ಎನ್ನುತ್ತಾರೆ. ನೂಲನ್ನು ಕುಣಿಕೆಯಾಗಿಯೇ ಉಳಿಸಿದರೆ ಲೂಪ್ ಪೈಲ್. ಕುಣಿಕೆಯ ತಲೆಯನ್ನು ಕತ್ತರಿಸಿದರೆ ಕಟ್ ಪೈಲ್. ಕತ್ತರಿಸಿದ ಎಳೆಗಳು ಉದ್ದವಾಗಿ, ಸಡಿಲವಾಗಿ ಬಾಗಿ ಬಿದ್ದರೆ ಶ್ಯಾಗ್. ಕೊಳ್ಳುವವನು ನೋಡಬೇಕಾದವು ಮೂರು: ಪೈಲಿನ ಎತ್ತರ, ಅದರ ಸಾಂದ್ರತೆ, ಎಳೆಯ ಜಾತಿ. ಅಂಗಡಿಯಲ್ಲಿ ಹೆಚ್ಚಾಗಿ ಹೊಗಳಿಕೆ ಸಲ್ಲುವುದು ಎತ್ತರಕ್ಕೆ, ಏಕೆಂದರೆ ಅಂಗೈಗೆ ಹಿತವೆನಿಸುವುದು ಅದೇ. ಬಾಳಿಕೆಯನ್ನು ಕೊಡುವುದಾದರೋ ಸಾಂದ್ರತೆ. ಕಾರ್ಪೆಟ್ಟಿನ ಒಂದು ಮೂಲೆಯನ್ನು ಹಿಂದಕ್ಕೆ ಮಡಿಸಿದಾಗ ಎಳೆಗಳ ನಡುವೆ ತಳಬಟ್ಟೆ ಇಣುಕಿದರೆ, ಅದು ಎಷ್ಟೇ ಎತ್ತರವಿರಲಿ, ಬೇಗನೆ ತುಳಿದು ಚಪ್ಪಟೆಯಾಗುವಂಥದೆಂದು ತಿಳಿಯಬೇಕು. ಎತ್ತರವು ಕೊಳ್ಳುವ ಗಳಿಗೆಯ ಸುಖ; ಸಾಂದ್ರತೆ ವರ್ಷಗಳ ಉಪಯೋಗ.

ಆ ಎತ್ತರದ ಅಡಿಯಲ್ಲಿ ನಡೆಯುವುದೇನು? ಮನುಷ್ಯನ ಮೈಯಿಂದ ಉದುರುವ ಚರ್ಮದ ಹುಡಿಯನ್ನೇ ಆಹಾರವಾಗಿ ಉಳ್ಳ, ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕೂ ಮೀರದ ಧೂಳಿನ ನುಸಿಗಳು ಅಲ್ಲಿ ನೆಲೆಸುತ್ತವೆ. ತೇವದ ಗಾಳಿ ಅವಕ್ಕೆ ಅನುಕೂಲ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದ ಕಾರ್ಪೆಟ್ಟು ಅವಕ್ಕೆ ಹೇಳಿಮಾಡಿಸಿದ ತಾಣ. ಇರುವೆ, ಜಿರಲೆಮರಿ, ಚೆಲ್ಲಿದ ಅನ್ನದ ಅಗುಳನ್ನು ಹುಡುಕಿ ಬಂದ ಹುಳು ಎಲ್ಲವೂ ಆ ಕಾಡಿನಲ್ಲಿ ಅಡಗುತ್ತವೆ. ಬರಿನೆಲದ ಮೇಲೆ ಹರಿದಾಡುವ ಇರುವೆಯನ್ನು ಕಂಡು ಪಾದವನ್ನು ಹಿಂದಕ್ಕೆ ಎಳೆದುಕೊಳ್ಳಬಹುದು, ಮೆಲ್ಲನೆ ಗುಡಿಸಿ ಹೊರಗೆ ಬಿಡಬಹುದು. ಎತ್ತರದ ಪೈಲಿನಲ್ಲಿ ನೋಡುವುದೂ ಸಾಧ್ಯವಿಲ್ಲ, ಉಳಿಸುವುದೂ ಸಾಧ್ಯವಿಲ್ಲ. ಕುಳಿತುಕೊಳ್ಳುವ ಮುನ್ನ ಸ್ಥಳವನ್ನು ಮಯೂರಪಿಂಛದಿಂದ ಮೃದುವಾಗಿ ಮಾರ್ಜನ ಮಾಡುವ ಮುನಿಗೆ ನಮಸ್ಕರಿಸಿ ಬಂದ ಶ್ರಾವಕನು, ಪಿಂಛವೇ ನಿರರ್ಥಕವಾಗುವಂಥ ನೆಲವನ್ನು ಸ್ವಗೃಹದಲ್ಲಿ ನಿರ್ಮಿಸಿಕೊಳ್ಳುವುದು ಎಂಥ ವಿಪರ್ಯಾಸ!

ಎಳೆಯ ಜಾತಿಯ ವಿಚಾರ ಇನ್ನೂ ಗಹನವಾದುದು. ಉಣ್ಣೆ ನಿಸರ್ಗದತ್ತ, ಕುರಿಯನ್ನು ಕೊಲ್ಲದೆ ಕತ್ತರಿಸಿದ್ದು ಎಂಬ ಸಮಾಧಾನವನ್ನು ಬಹುಜನರು ಹೇಳಿಕೊಳ್ಳುತ್ತಾರೆ. ಉಣ್ಣೆಯೆಲ್ಲವೂ ಜೀವಂತ ಕುರಿಯ ಮೈಯಿಂದ ಬಂದುದಲ್ಲ. ವಧೆಯಾದ ಕುರಿಯ ಚರ್ಮದಿಂದ ಕಿತ್ತ ಉಣ್ಣೆಯೂ ಕಾರ್ಪೆಟ್ಟಿನ ನೂಲಿಗೆ ಬೆರೆಯುವುದುಂಟು. ಇದಲ್ಲದೆ ನುಸಿಪತಂಗದ ಮತ್ತು ಕಾರ್ಪೆಟ್ ದುಂಬಿಯ ಮರಿಹುಳುಗಳು ಉಣ್ಣೆಯನ್ನು ತಿಂದು ಬೆಳೆಯುತ್ತವೆ. ಅವುಗಳಿಂದ ಕಾಪಾಡಲೆಂದು ಅನೇಕ ಉಣ್ಣೆಯ ಕಾರ್ಪೆಟ್ಟುಗಳ ನೂಲಿಗೆ ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ಉಣಿಸಲಾಗುತ್ತದೆ. ಅಂದರೆ ಬಂದ ಹುಳುವನ್ನು ಕೊಲ್ಲುವ ವ್ಯವಸ್ಥೆ ನೆಲಹಾಸಿನಲ್ಲಿಯೇ ಅಡಗಿರುತ್ತದೆ.

ರೇಷ್ಮೆಯ ಪೈಲಿನ ವಿಷಯದಲ್ಲಂತೂ ಎರಡು ಮಾತಿಲ್ಲ. ಪತಂಗವು ಗೂಡನ್ನು ಭೇದಿಸಿ ಹೊರಬಂದರೆ ಎಳೆ ತುಂಡಾಗುವುದೆಂದು, ಒಳಗಿನ ಜೀವವನ್ನು ಹಬೆಯಿಂದಲೋ ಬಿಸಿಗಾಳಿಯಿಂದಲೋ ಕೊಂದೇ ನೂಲು ಬಿಚ್ಚುತ್ತಾರೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಂಡ ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸಾವಿರಾರು ಗೂಡುಗಳು ಬೇಕು. ಮೈಮೇಲಿನ ಸೀರೆಯಲ್ಲಿಯೇ ಆಕ್ಷೇಪಾರ್ಹವಾದುದು ಕಾಲಡಿಯ ಹಾಸಿನಲ್ಲಿ ನಿರ್ದೋಷವಾಗುವುದು ಹೇಗೆ? ಇತ್ತ ರೇಷ್ಮೆಯ ಹೆಸರಿನಲ್ಲಿ ವಿಸ್ಕೋಸನ್ನು ಮಾರುವ ವಂಚನೆಯೂ ಉಂಟು. ಒಂದು ಎಳೆಯನ್ನು ಸುಟ್ಟು ನೋಡಿದರೆ ಸತ್ಯ ಹೊರಬೀಳುತ್ತದೆ: ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ವಾಸನೆ ಬೀರುತ್ತವೆ, ವಿಸ್ಕೋಸ್ ಕಾಗದದಂತೆ ಉರಿಯುತ್ತದೆ, ನೈಲಾನ್ ಕರಗಿ ಗಟ್ಟಿ ಗುಂಡಾಗುತ್ತದೆ.

ಹಾಗಾದರೆ ನೈಲಾನ್ ಶುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ಅದರಲ್ಲಿ ಪ್ರಾಣಿಯ ಅಂಶವಿಲ್ಲ, ಬಾಳಿಕೆಯೂ ಹೆಚ್ಚು, ನಿಜ. ಆದರೆ ಅದರ ಪೈಲೂ ಎತ್ತರವಾದರೆ ಜೀವಗಳು ಅಡಗುವುದು ತಪ್ಪುವುದಿಲ್ಲ. ಸವೆದು ಉದುರುವ ಅದರ ಸೂಕ್ಷ್ಮ ಎಳೆಗಳು ಕೊಳೆಯದೆ ಮಣ್ಣುನೀರುಗಳಲ್ಲಿ ಉಳಿಯುತ್ತವೆ.

ಕಣ್ಣಿಗೆ ಕಾಣದ ಜೀವಗಳಿಗಾಗಿ ಇಷ್ಟು ಮರುಗುವವನು ಗಂಟು ಹಾಕಿದ ಕೈಗಳನ್ನು ಮರೆಯಬಾರದು. ಭದೋಹಿ–ಮಿರ್ಜಾಪುರದ ಮಗ್ಗಗಳಲ್ಲಿ ಬಾಲಕರನ್ನು ದುಡಿಸಿದ್ದು ಜಗಜ್ಜಾಹೀರಾದ ಸಂಗತಿ. 1986ರ ಕಾಯಿದೆ ಹದಿನಾಲ್ಕರ ಒಳಗಿನ ಮಕ್ಕಳಿಗೆ ಕಾರ್ಪೆಟ್ ನೇಯ್ಗೆಯನ್ನು ನಿಷೇಧಿಸಿತು. ಮಕ್ಕಳ ದುಡಿಮೆಯಿಲ್ಲದ ಕಾರ್ಪೆಟ್ಟಿಗೆ ಗುರುತು ನೀಡುವ ರಗ್‌ಮಾರ್ಕ್ 1994ರಲ್ಲಿ ಆರಂಭವಾಗಿ ಇಂದು ಗುಡ್‌ವೀವ್ ಎಂಬ ಹೆಸರಿನಲ್ಲಿದೆ. ಸೂಕ್ಷ್ಮವಾದ ಗಂಟಿಗೆ ಎಳೆಯ ಬೆರಳೇ ಬೇಕೆಂಬ ವಾದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಪ್ರಕಟಿಸಿದ ಅಧ್ಯಯನವೇ ಅಲ್ಲಗಳೆದಿದೆ. ಇಷ್ಟಾದರೂ ಗುರುತನ್ನು ಕೇಳದೆ ಬೆಲೆಯನ್ನು ಮಾತ್ರ ಕೇಳುವ ಗಿರಾಕಿ ಅಪರಾಧದಲ್ಲಿ ಪಾಲುದಾರನೇ.

ಸಂಕಲ್ಪವಿಲ್ಲದೆ ನಡೆದ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂಬುದು ಕೊನೆಯ ಆಕ್ಷೇಪ. ಅಡುಗೆ, ಕೃಷಿ, ಗೃಹನಿರ್ಮಾಣಗಳಲ್ಲಿ ಆರಂಭೀ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ತಪ್ಪಿಸಲಾರನು. ಶಾಸ್ತ್ರವೂ ಅದನ್ನು ಬಲ್ಲದು. ಆದರೆ ಹಸಿವಿಗಾಗಿ ಒಲೆ ಹಚ್ಚುವುದು ಬೇರೆ, ಹೊಗಳಿಕೆಗಾಗಿ ನೆಲಕ್ಕೆ ಎತ್ತರದ ಪೈಲ್ ಹಾಸುವುದು ಬೇರೆ. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದಕ್ಕಾಗಿಯೇ ಅನರ್ಥದಂಡವಿರತಿ ಎಂಬ ಗುಣವ್ರತವಿದೆ. ಭೋಗಕ್ಕೆ ಮಿತಿ ಹಾಕುವುದಕ್ಕಾಗಿಯೇ ಭೋಗೋಪಭೋಗ ಪರಿಮಾಣವ್ರತವಿದೆ. ಕಾಣಲಿಲ್ಲವೆಂಬ ನೆಪ, ಕಾಣದಂತೆ ಮಾಡಿಕೊಂಡವನಿಗೆ ಸಲ್ಲುವುದಿಲ್ಲ.

ಇನ್ನು ಆಯ್ಕೆ ಯಾವುದು? ಮೊದಲನೆಯದು ಬರಿನೆಲ. ಹಾಸು ಬೇಕೇ ಬೇಕೆಂದರೆ ಧಾರವಾಡ ಜಿಲ್ಲೆಯ ನವಲಗುಂದದ ಮಹಿಳೆಯರು ನೇಯುವ ಹತ್ತಿಯ ಜಮಖಾನೆ ಇದೆ. ಅದಕ್ಕೆ ಪೈಲೇ ಇಲ್ಲ. ಎತ್ತಬಹುದು, ನಿತ್ಯವೂ ಕೆಳಗೆ ನೋಡಬಹುದು, ಮೆಲ್ಲನೆ ಕೊಡವಬಹುದು. ಹತ್ತಿಯ ಹೊಲಕ್ಕೂ ಕೀಟನಾಶಕ ಬೀಳುತ್ತದೆಂಬುದು ಸುಳ್ಳಲ್ಲ. ಆದರೆ ವಿವೇಕವೆಂದರೆ ಹಿಂಸೆಯನ್ನು ಕಡಿಮೆ ಮಾಡುತ್ತ ಹೋಗುವುದು. ನೇಕಾರರ ಬದುಕಿನ ಚಿಂತೆಯುಳ್ಳವರಿಗೂ ಅಲ್ಲಿಯೇ ಉತ್ತರವಿದೆ. ಮೊಣಕಾಲ ನೋವಿನ ವೃದ್ಧರಿಗೆ ಅಥವಾ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹೊದಿಸಿದ ಶೀತದೇಶದ ಮನೆಗಳಲ್ಲಿ ವಾಸಿಸುವವರಿಗೆ ಪೈಲ್ ಅನಿವಾರ್ಯವಾದರೆ ಅದು ಗಿಡ್ಡವಾಗಿರಲಿ, ಒತ್ತಾಗಿರಲಿ, ರೇಷ್ಮೆಯೂ ಉಣ್ಣೆಯೂ ಅಲ್ಲದ್ದಾಗಿರಲಿ, ಅಗತ್ಯವಿರುವಷ್ಟೇ ಜಾಗಕ್ಕಿರಲಿ.

ಅತಿಥಿಯ ಪಾದಕ್ಕೆ ಮೆತ್ತಗಾಗುವುದಕ್ಕಿಂತ ಅಲ್ಪಜೀವಿಯ ಪ್ರಾಣಕ್ಕೆ ಮೆತ್ತಗಾಗುವುದು ಜೈನಗೃಹದ ಲಕ್ಷಣ.