ಹೆಸರು ತಪ್ಪಿದರೆ ಲೆಕ್ಕ ತಪ್ಪೀತು

ಗಣಕಯಂತ್ರಕ್ಕೆ ಕೆಲಸ ಹೇಳುವ ಭಾಷೆಗಳಲ್ಲಿ ಪಿಎಚ್‌ಪಿ ಎಂಬುದೂ ಒಂದು. ಗ್ರೀನ್‌ಲೆಂಡಿನಲ್ಲಿ ಜನಿಸಿದ ರಾಸ್ಮಸ್ ಲೆರ್ಡಾರ್ಫ್ ಎಂಬವರು ಸ್ವಂತ ಉಪಯೋಗಕ್ಕೆಂದು ಹೆಣೆದುಕೊಂಡ ಈ ಸಾಧನ 1995ರಲ್ಲಿ ಲೋಕದ ಕೈಸೇರಿತು. ಅಂತರಜಾಲದ ಅಂಗಡಿಯಲ್ಲಿ ಸೀರೆ ಕೊಳ್ಳುವ ಗೃಹಿಣಿಯರು ತಮಗರಿವಿಲ್ಲದೆಯೇ ಇದರ ಸೇವೆ ಪಡೆದಿರುವುದುಂಟು. ನಮ್ಮ ಮನೆಗಳ ಎಷ್ಟೋ ತರುಣ ತರುಣಿಯರಿಗೆ ಇದು ಅನ್ನದ ದಾರಿಯೂ ಹೌದು.

ದೊಡ್ಡ ಪ್ರೋಗ್ರಾಮನ್ನು 'ಕ್ಲಾಸ್' ಎಂಬ ಘಟಕಗಳಾಗಿ ವಿಂಗಡಿಸುವುದು ವಾಡಿಕೆ. ಬಿಲ್ಲಿಗೊಂದು, ಗಿರಾಕಿಗೊಂದು, ಸರಕಿಗೊಂದು. ಒಂದೊಂದೂ ಪ್ರತ್ಯೇಕ ಕಡತದಲ್ಲಿ. ಮೊದಲು ಈ ಕಡತಗಳನ್ನೆಲ್ಲ ಬರೆಯುವವರೇ ಒಂದೊಂದಾಗಿ ಕರೆತರಬೇಕಾಗಿತ್ತು. 2004ರಲ್ಲಿ ಬಂದ ಐದನೆಯ ಆವೃತ್ತಿ 'ಆಟೋಲೋಡ್' ಎಂಬ ಸೌಕರ್ಯವನ್ನು ಒದಗಿಸಿತು. ಅಡಿಗೆಗೆ ನಿಂತವರು ಉಗ್ರಾಣದ ಡಬ್ಬಿಗಳನ್ನೆಲ್ಲ ಇಳಿಸಿಕೊಳ್ಳುವರೆ? ಮೆಂತ್ಯ ಬೇಕಾದಾಗ ಮೆಂತ್ಯದ ಡಬ್ಬಿಯನ್ನಷ್ಟೇ ತರುತ್ತಾರೆ. ಯಂತ್ರವೂ ಹಾಗೆಯೇ, ಕ್ಲಾಸಿನ ಹೆಸರು ಬಂದಾಗ ಅದರ ಕಡತವನ್ನು ಹುಡುಕಿ ತರುತ್ತದೆ.

ಹುಡುಕುವುದಕ್ಕೆ ಗೊತ್ತಾದ ಕಟ್ಟಳೆ ಬೇಕಷ್ಟೆ. 2013ರಲ್ಲಿ ರೂಪುಗೊಂಡ ಪಿಎಸ್‌ಆರ್-4 ಎಂಬ ಒಪ್ಪಂದ ಅದನ್ನು ವಿಧಿಸಿತು: ಕ್ಲಾಸಿನ ಮನೆತನದ ಹೆಸರು ಕೋಶವನ್ನು ತೋರಿಸಬೇಕು, ಅದರ ಸ್ವಂತ ಹೆಸರೇ ಕಡತದ ಹೆಸರಾಗಬೇಕು. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳೂ ಹೊಂದಬೇಕು. ವಿಂಡೋಸ್ ಸಾಮಾನ್ಯವಾಗಿ ಈ ಭೇದವನ್ನು ಗಣಿಸುವುದಿಲ್ಲ, ಲಿನಕ್ಸ್ ಗಣಿಸುತ್ತದೆ. ಮನೆಯ ಯಂತ್ರದಲ್ಲಿ ಸುಸೂತ್ರವಾಗಿ ನಡೆದದ್ದು ದೂರದ ಸರ್ವರಿನಲ್ಲಿ ಮುಗ್ಗರಿಸುವುದಕ್ಕೆ ಇದೊಂದು ಕಾರಣ. ಆದರೆ ಇಲ್ಲಿ ಒಂದು ಸಮಾಧಾನವುಂಟು. ಕ್ಲಾಸ್ ಸಿಕ್ಕದಿದ್ದರೆ ಯಂತ್ರ ಹಾಗೆಂದು ಕೂಗಿ ಹೇಳಿ ನಿಂತುಬಿಡುತ್ತದೆ.

ಕೂಗದೆ ಕೆಡಿಸುವ ತಪ್ಪು ಬೇರೊಂದಿದೆ. ಬಿಲ್ಲಿನ ಕ್ಲಾಸಿನಲ್ಲಿ 'ರಿಯಾಯಿತಿ' ಎಂಬ ಪ್ರಾಪರ್ಟಿ, ಅಂದರೆ ಬೆಲೆ ತುಂಬುವ ಖಾನೆ, ಇದೆಯೆನ್ನಿ. ಅದರ ಮೂಲ ಬೆಲೆ ಸೊನ್ನೆ. ಬರೆಯುವವರು ಅವಸರದಲ್ಲಿ 'ರಿಯಾಯತಿ' ಎಂದು ಬರೆದು 200 ರೂಪಾಯಿ ತುಂಬಿದರು. ಪಿಎಚ್‌ಪಿ ಆಕ್ಷೇಪಿಸದೆ ಆ ಹೆಸರಿನ ಹೊಸ ಖಾನೆಯನ್ನೇ ತೆರೆಯುತ್ತಿತ್ತು. ಲೆಕ್ಕ ನೋಡುವುದು ಮಾತ್ರ ಹಳೆಯ ಖಾನೆಯನ್ನು. 1,300 ರೂಪಾಯಿ ಕೊಡಬೇಕಾದ ಗಿರಾಕಿಗೆ 1,500ರ ಬಿಲ್ಲು ಹೋಯಿತು! ಯಂತ್ರ ನಿಲ್ಲಲಿಲ್ಲ, ಯಾರಿಗೂ ಸುಳಿವು ಸಿಕ್ಕಲಿಲ್ಲ. ನಷ್ಟ ಗಿರಾಕಿಯ ಪಾಲಾಯಿತು.

ಹೀಗೆ ತಾನಾಗಿ ಹುಟ್ಟುವ ಖಾನೆಗಳಿಗೆ 'ಡೈನಾಮಿಕ್ ಪ್ರಾಪರ್ಟಿ' ಎಂದು ಹೆಸರು. 2022ರ ಡಿಸೆಂಬರಿನಲ್ಲಿ ಹೊರಬಂದ 8.2ನೆಯ ಆವೃತ್ತಿ ಇಂಥವನ್ನು ಕಂಡೊಡನೆ ಎಚ್ಚರಿಕೆ ಕೊಡತೊಡಗಿತು. 9ನೆಯ ಆವೃತ್ತಿಯಿಂದ ಅದನ್ನು ದೋಷವೆಂದೇ ಎಣಿಸುವ ನಿರ್ಧಾರವಾಗಿದೆ. ಬೇಕೆಂದೇ ಅನುಮತಿ ಬರೆದುಕೊಂಡ ಕ್ಲಾಸುಗಳಿಗೆ ವಿನಾಯಿತಿಯುಂಟು. ಆದರೆ ಎಚ್ಚರಿಕೆಯ ಬಾಯಿ ಮುಚ್ಚಿಸುವುದಕ್ಕಾಗಿ ಎಲ್ಲೆಡೆಯೂ ಆ ಅನುಮತಿಯನ್ನು ಅಂಟಿಸುವುದು ವಿವೇಕವಲ್ಲ.

ಮಾಡಬೇಕಾದ್ದು ಇಷ್ಟೆ. ಪ್ರತಿ ಕ್ಲಾಸಿನ ಆರಂಭದಲ್ಲೇ ಅದರ ಖಾನೆಗಳನ್ನೆಲ್ಲ ಹೆಸರಿಸಿಡಬೇಕು. ಮುಂಚಿತವಾಗಿ ತಿಳಿಯಲಾರದ ವಿವರಗಳಿದ್ದರೆ ಹೆಸರಿಟ್ಟ ಒಂದೇ ಖಾನೆಯಲ್ಲಿ ಅವನ್ನು ಪಟ್ಟಿಯಾಗಿ ಕೂಡಿಡಬೇಕು. ಈ ಉದ್ಯೋಗವನ್ನು ಹಿಡಿದಿರುವ ತರುಣ ವಾಚಕರು ಎಚ್ಚರಿಕೆಯ ಸಾಲುಗಳನ್ನು ಕಿರಿಕಿರಿಯೆಂದು ಬಗೆಯದಿರಲಿ. ಕಾಣದ ಊರಿನ ಯಾವುದೋ ಸಂಸಾರದ 200 ರೂಪಾಯಿ ಉಳಿಯುವುದು ಅದರಿಂದಲೇ.