ಮಾಜಿ ಸೈನಿಕನ ನಿದ್ದೆಗೆ ಯಾವ ಜಿಲ್ಲೆ ಹೊಣೆ?

ಮಕ್ತಲ್ ಕಡೆಯ ಒಂದು ಹಳ್ಳಿಯಲ್ಲಿ ನನಗೆ ಬೇಕಾದವರೊಬ್ಬರಿದ್ದಾರೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಹೆಸರು ಬೇಡ, ಊರೂ ಬೇಡ. ಮಂದಿ ಅವರನ್ನು ‘ಮಿಲ್ಟ್ರಿ ಸಾಬ್’ ಎನ್ನುತ್ತಾರೆ, ಇಲ್ಲಿ ಅಷ್ಟು ಸಾಕು. ಆರೆಕರೆ ಹೊಲವಿದೆ. ಸುಗ್ಗಿಯಲ್ಲಿ ಹತ್ತಿ ಹೇರಿಕೊಂಡು ರಾಯಚೂರು ಮಾರ್ಕೆಟ್ಟಿಗೆ ಬಂದಾಗ ಅಡತಿ ಅಂಗಡಿಯಲ್ಲಿ ನನ್ನೊಂದಿಗೆ ಕೂತು ಚಹಾ ಕುಡಿಯುತ್ತಾರೆ. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಬೇರೆ ಕಡೆ ಕೂಡುವುದಿಲ್ಲ. ವರ್ಷದ ಹನ್ನೆರಡು ತಿಂಗಳೂ ರಾತ್ರಿ ಮಲಗುವುದು ಹೊಲದ ಗುಡಿಸಲಿನಲ್ಲಿ. ‘ಹಂದಿ ಕಾಟ ಅದ, ಸಾಬ್ರು ಹೊಲ ಕಾಯ್ತಾರ’ ಎಂದು ಊರಿನವರು ಮೆಚ್ಚಿ ಹೇಳುತ್ತಾರೆ. ಹತ್ತಿ ಬಿಡಿಸಿ, ಕಟ್ಟಿಗೆ ಕಿತ್ತು, ಹೊಲ ಬಯಲಾದ ಮೇಲೂ ಅವರು ಕಾಯುವುದು ಏನನ್ನು ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಒಂದು ಮದುವೆಯಲ್ಲಿ ಅವರ ಹೆಂಡತಿ ನನ್ನ ಮನೆಯವರ ಮುಂದೆ ಬಾಯಿ ಬಿಟ್ಟರು. ‘ಅಕ್ಕಾ, ಒಮ್ಮಿ ನಿದ್ದಿಗಣ್ಣಾಗ ನನ್ನ ಕುತ್ತಿಗಿ ಹಿಡಿದ್ರು. ಎಚ್ಚರಾದ ಮ್ಯಾಲ ಸಣ್ಣ ಹುಡುಗನಂಗ ಅತ್ತುಬಿಟ್ರು. ಮರುದಿನದಿಂದ ಹೊಲದಾಗ ಮಲಗ್ಲಿಕ್ಕೆ ಹತ್ಯಾರ. ಎಂಟು ವರ್ಷಾತು.’ ಎಂಟು ವರ್ಷ ಈ ಮಾತು ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಇದನ್ನು ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗಬಾರದು ಎಂಬ ಒಂದೇ ಕರಾರಿನ ಮೇಲೆ.

ಅವರು ದವಾಖಾನೆಗೆ ಹೋಗಿರಲಿಲ್ಲವೆಂದಲ್ಲ. ದೂರದ ದೊಡ್ಡ ದವಾಖಾನೆಯೊಂದಕ್ಕೆ ಚೀಟಿ ಬರೆಸಿಕೊಂಡು ಹೋಗಿದ್ದರು. ಡಾಕ್ಟರು ‘ಕ್ಯಾ ತಕಲೀಫ್ ಹೈ?’ ಎಂದು ಕೇಳಿದರಂತೆ. ಇವರು ಎದ್ದು ನಿಂತು, ‘ಸಬ್ ಠೀಕ್ ಹೈ ಸಾಬ್, ನೀಂದ್ ಥೋಡಾ ಕಮ್ ಹೈ’ ಎಂದರಂತೆ. ನಿದ್ದೆ ಗುಳಿಗೆ ಬರೆದುಕೊಟ್ಟರು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಇದನ್ನು ಹೇಳುವಾಗ ಅವರೇ ನಕ್ಕರು. ‘ಪಲ್ಟಣದಾಗ ಕಲ್ತ ಹಿಂದಿ ರೀ ಅದು. ಅದರಾಗ ಸಾಹೇಬರ ಮುಂದ ಸಬ್ ಠೀಕ್ ಅನ್ನೋದೊಂದೇ ಬರ್ತದ. ಎದಿಯಾಗಿನ ಸಂಕಟ ಹ್ಯಾಂಗ ಹೇಳಬೇಕು?’

ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಪಲ್ಟಣದಲ್ಲಿ ಹಿಂದಿ. ನಮ್ಮ ಕಡೆಯ ಸಿಪಾಯಿಗಳಲ್ಲಿ ಅನೇಕರ ಬದುಕು ಹೀಗೆ ಮೂರು ಭಾಷೆಗೆ ಹಂಚಿದ್ದು. ಸಂತೆ ವ್ಯವಹಾರಕ್ಕೆ ಇದರಿಂದ ಅಡ್ಡಿಯೇನಿಲ್ಲ, ಲಾಭವೇ. ಆದರೆ ‘ಜೀವ ಹೊಯ್ದಾಡ್ತದ’, ‘ಎದಿ ಝಲ್ ಅಂತದ’ ಎಂಬ ಮಾತು ಮನೆಯ ಭಾಷೆಯಲ್ಲಷ್ಟೇ ಬರುವಂಥದು. ಮನಸ್ಸಿನ ಕಾಯಿಲೆ ರಕ್ತದಲ್ಲಿ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ರೋಗಿ ಆಡುವ ಮಾತನ್ನು ಹಿಡಿದೇ ಡಾಕ್ಟರು ಗುರುತಿಸಬೇಕು. ಆ ಮಾತೇ ಹೊರಡದಿದ್ದರೆ ಅವರು ತಾನೇ ಏನು ಮಾಡಿಯಾರು?

ಕಾಯಿಲೆ ಹೊಸದಲ್ಲ. ಮೊದಲ ಮಹಾಯುದ್ಧದ ಕಾಲಕ್ಕೆ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ಇಂಥ ಸಿಪಾಯಿಗಳ ವಿಷಯ ಬರೆದ. ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯರು ಈಗ ಬಳಕೆಯಲ್ಲಿರುವ ಪಿ.ಟಿ.ಎಸ್.ಡಿ. ಎಂಬ ಹೆಸರನ್ನು ತಮ್ಮ ಪಟ್ಟಿಗೆ ಸೇರಿಸಿದರು. ಹೆಸರು ಯಾವುದಾದರೂ ಇರಲಿ, ನಮ್ಮ ರೈತರಿಗೆ ಅದು ಹೀಗೆ ತಿಳಿದೀತು. ತೆಲಂಗಾಣದಲ್ಲಿ 2018ರ ಜನವರಿಯಿಂದ ಹೊಲಗಳಿಗೆ 24 ತಾಸು ಕರೆಂಟು ಕೊಟ್ಟಾಗ, ಆಟೊ ಸ್ಟಾರ್ಟರ್ ತೆಗೆಯಿರೆಂದು ಸರ್ಕಾರ ಬೆನ್ನು ಹತ್ತಿದ್ದು ನೆನಪಿರಬಹುದು. ಕರೆಂಟು ಯಾವಾಗ ಬಂದೀತೋ ಗೊತ್ತಿಲ್ಲದ ಕಾಲಕ್ಕೆ ಅದು ಬೇಕಿತ್ತು. ನಡುರಾತ್ರಿ ಬಂದರೂ ಮೋಟರು ತಾನೇ ಏಳುತ್ತಿತ್ತು. ಕಾಲ ಬದಲಾದ ಮೇಲೂ ಅದು ಹಾಗೇ ಉಳಿದರೆ ನೀರು ಮಡಿ ಒಡೆದು ಹರಿದರೂ ಮೋಟರು ನಿಲ್ಲುವುದಿಲ್ಲ. ಜೀವಕ್ಕೆ ಅಪಾಯವಿದ್ದ ಜಾಗದಲ್ಲಿ ಇದ್ದುಬಂದವನ ಮೈಯಲ್ಲೂ ಇಂಥದೊಂದು ಸ್ಟಾರ್ಟರ್ ಉಳಿದುಬಿಡುವುದುಂಟು. ಸಣ್ಣ ಸಪ್ಪಳಕ್ಕೆ ಬೆಚ್ಚುವುದು, ಅದೇ ಕನಸು ಮತ್ತೆ ಮತ್ತೆ ಬೀಳುವುದು, ಕಾರಣವಿಲ್ಲದ ಸಿಟ್ಟು, ಮಗಳ ಮದುವೆಯಲ್ಲೂ ಸಂತೋಷ ಅನ್ನಿಸದಿರುವುದು.

ಸೈನ್ಯದಿಂದ ಬಂದವರೆಲ್ಲರಿಗೂ ಹೀಗಾಗುತ್ತದೆಂದು ಯಾರೂ ತಿಳಿಯಬಾರದು. ಬಹಳ ಮಂದಿ ಗಟ್ಟಿಯಾಗಿಯೇ ಬರುತ್ತಾರೆ. ಆದವರಿಗೆ ಔಷಧವಿದೆ, ಕೂಡಿಸಿಕೊಂಡು ಮಾತಾಡಿಸಿ ಮಾಡುವ ಚಿಕಿತ್ಸೆಯೂ ಇದೆ. ಈ ಗುಳಿಗೆಗಳ ಗುಣ ಮೊದಲ ಎರಡು ಮೂರು ವಾರ ಅಷ್ಟಾಗಿ ಗೊತ್ತಾಗುವುದಿಲ್ಲ. ‘ಏನೂ ಫರಕು ಆಗ್ಲಿಲ್ಲ’ ಎಂದು ಅಲ್ಲಿಗೇ ಬಿಡುವವರುಂಟು. ಬಿಡಬಾರದು. ಸಂಕಟಕ್ಕೆ ಗಾಣಗಾಪುರಕ್ಕೆ ಹೋಗುವವರು ಹೋಗಲಿ, ದರ್ಗಾಕ್ಕೆ ಹೋಗುವವರು ಹೋಗಲಿ, ಗುಳಿಗೆ ಚೀಲದಲ್ಲಿರಲಿ. ಇನ್ನು ಕ್ಯಾಂಟೀನ್ ಬಾಟ್ಲಿಯ ಮಾತು. ನಿದ್ದೆಗೆಂದು ಕುಡಿಯಲು ಹಿಡಿದವನಿಗೆ ನಡುರಾತ್ರಿಯ ಎಚ್ಚರ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ‘ಮಿಲ್ಟ್ರಿ ಮಾಲು’ ಎಂದು ಅವನ ಬಾಟ್ಲಿಗೆ ಕಾದು ಕೂತು ಜೊತೆಗೆ ಕುಡಿಯುವ ಗೆಳೆಯರು ಇದನ್ನು ಸ್ವಲ್ಪ ವಿಚಾರ ಮಾಡಲಿ.

ಕೊಡಗಿನಂಥ ಕಡೆ ಓಣಿಗೆ ಹತ್ತು ಮಂದಿ ಮಾಜಿ ಸೈನಿಕರು ಸಿಗುತ್ತಾರೆ. ಸಂಘವಿದೆ, ಕೂಡಿ ಕೂಡುವ ಜಾಗವಿದೆ, ಒಬ್ಬನ ಮುಖ ನೋಡಿ ಇನ್ನೊಬ್ಬ ತಿಳಿಯುತ್ತಾನೆ. ನಾರಾಯಣಪೇಟೆ, ಮಕ್ತಲ್, ಗದ್ವಾಲದ ಹಳ್ಳಿಗಳಲ್ಲಿ ಅವನೊಬ್ಬನೇ. ಆಗಸ್ಟ್ ಹದಿನೈದಕ್ಕೆ ಶಾಲೆಗೆ ಕರೆದು ಶಾಲು ಹೊದಿಸುತ್ತೇವೆ. ಹಾಗೆ ಶಾಲು ಹೊದ್ದವನು ‘ನನಗ ರಾತ್ರಿ ಅಂಜಿಕಿ ಆಗ್ತದ’ ಎಂದು ಯಾರ ಮುಂದೆ ಹೇಳಬೇಕು?

ನಮ್ಮ ಸೀಮೆಯ ಕಷ್ಟ ಇದರ ಮೇಲೆ ಇನ್ನೊಂದು ಸುತ್ತು. ಗದ್ವಾಲ, ಆಲಂಪುರ 1956ರವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ರಾಜ್ಯಗಳ ಮರುವಿಂಗಡಣೆಯಲ್ಲಿ ಮಹಬೂಬನಗರಕ್ಕೆ ಸೇರಿದವು. 2016ರಲ್ಲಿ ಜೋಗುಲಾಂಬ ಗದ್ವಾಲ ಬೇರೆ ಜಿಲ್ಲೆಯಾಯಿತು, 2019ರಲ್ಲಿ ಮಕ್ತಲ್ ಸೇರಿಸಿಕೊಂಡು ನಾರಾಯಣಪೇಟೆ ಜಿಲ್ಲೆಯಾಯಿತು. ಕಾಗದದ ಮೇಲೆ ಗೆರೆ ಎಷ್ಟು ಸಲ ಬದಲಾದರೂ ಜನ ಬೀಗತನಕ್ಕೆ, ಬಜಾರಿಗೆ, ಬಾಣಂತನಕ್ಕೆ ರಾಯಚೂರಿಗೆ ಹೋಗುವುದು ನಿಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಒಳ್ಳೆಯ ಕಾಯ್ದೆ. ಮನೋರೋಗಿ ಚಿಕಿತ್ಸೆಗೆ ಬಹುದೂರ ಅಲೆಯುವಂತಾಗಬಾರದು ಎನ್ನುತ್ತದೆ. ಸರ್ಕಾರಿ ಸೌಲಭ್ಯ ಜಿಲ್ಲೆಯಲ್ಲಿ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಕಡೆ ತೋರಿಸಿಕೊಳ್ಳಬಹುದು, ಖರ್ಚು ಸರ್ಕಾರ ಕೊಡಬೇಕು ಎಂದೂ ಹೇಳುತ್ತದೆ. ‘ಅದೇ ಜಿಲ್ಲೆಯ’ ಎಂಬ ಮಾತನ್ನು ಗಮನಿಸಿರಿ. ಹೊಳೆಯ ಆಚೆ ಭಾಷೆ ತಿಳಿದ ಡಾಕ್ಟರು ಇದ್ದರೂ ಆ ಖರ್ಚಿಗೆ ಕಾಯ್ದೆಯಲ್ಲಿ ಜಾಗವಿಲ್ಲ.

ದಾರಿ ತೋರಿಸಿದ್ದು ಮತ್ತೆ ನಮ್ಮ ಸೀಮೆಯೇ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯನ್ನು ಕೈಗೆತ್ತಿಕೊಂಡರು. ಮನೋರೋಗಕ್ಕೆಂದು ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಮನೆಮನೆ ತಿರುಗುವ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಗುಳಿಗೆ ಅಲ್ಲಿಯೇ ಸಿಗುವಂತೆ ಮಾಡಿದರು. ಕಠಿಣವಾದ ಕೇಸು ಮಾತ್ರ ಜಿಲ್ಲಾ ಕೇಂದ್ರಕ್ಕೆ. ಈ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ಅಲ್ಲಿ ಕೆಲಸ ಮಾಡಿದ್ದು ಔಷಧ ಎಷ್ಟೋ, ಊರಿನ ಮಾತು ಬಲ್ಲ ಕಾರ್ಯಕರ್ತೆಯೂ ಅಷ್ಟೇ ಎಂದು ನನ್ನ ತಿಳಿವಳಿಕೆ. ಇಂದು ನಾರಾಯಣಪೇಟೆ, ಗದ್ವಾಲ ಎರಡೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿವೆ, 2024ರಲ್ಲಿ. ಅಲ್ಲಿನ ಮನೋವೈದ್ಯ ವಿಭಾಗದಲ್ಲಿ ಕನ್ನಡ ಬಲ್ಲ ಒಬ್ಬ ಆಪ್ತಸಮಾಲೋಚಕರು ಇರಬೇಕೆಂದು ಕೇಳುವುದು ಭಾಷಾಭಿಮಾನದ ಮಾತಲ್ಲ, ಚಿಕಿತ್ಸೆಯ ಮಾತು.

ಮಾಜಿ ಸೈನಿಕರಿಗೆ ಇ.ಸಿ.ಎಚ್.ಎಸ್. ಯೋಜನೆ 2003ರ ಏಪ್ರಿಲ್‌ನಿಂದ ಇದೆ. ಪಾಲಿಕ್ಲಿನಿಕ್ ಡಾಕ್ಟರು ಬರೆದುಕೊಟ್ಟರೆ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ರೊಕ್ಕವಿಲ್ಲದೆ ತೋರಿಸಬಹುದು. ಮನೋವೈದ್ಯರಿಗೂ ಹಾಗೆಯೇ ಬರೆಸಿಕೊಳ್ಳಬಹುದು. ಮಂಡಿನೋವಿಗೆ ಬರೆಸಿಕೊಳ್ಳುವವರು ಇದಕ್ಕೆ ಬಾಯಿ ತೆರೆಯುವುದಿಲ್ಲ, ಅಷ್ಟೇ. ಕಾಯಿಲೆಯ ಕಾರಣಕ್ಕೆ ನಡುವೆಯೇ ಮನೆಗೆ ಕಳಿಸಲ್ಪಟ್ಟವರಿಗೆ ಇನ್ನೊಂದು ಮಾತು. ಮನೋರೋಗದ ಕಾರಣಕ್ಕೆ ಬಿಡುಗಡೆಯಾದ ವೀರ್‌ಪಾಲ್ ಸಿಂಗ್ ಎಂಬ ಸಿಪಾಯಿಯನ್ನು ವೈದ್ಯಕೀಯ ಮಂಡಳಿ ಮತ್ತೊಮ್ಮೆ ತಪಾಸಣೆ ಮಾಡಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಆದೇಶ ಮಾಡಿತು. ಅದೇ ವರ್ಷ ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ, ಭರ್ತಿಯಾಗುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲವಾದರೆ ಅದು ಸೇವೆಯಿಂದ ಬಂದದ್ದೆಂದೇ ಹಿಡಿಯಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದಿತು. 2023ರ ಸೆಪ್ಟೆಂಬರ್ ನಂತರ ಬಿಡುಗಡೆಯಾದವರಿಗೆ ನಿಯಮ ಬೇರೆ; ತಿಳಿದವರನ್ನು ಕೇಳಿರಿ. ಮೆಡಿಕಲ್ ಬೋರ್ಡಿನ ಹಳೆಯ ಕಾಗದ ಮಾತ್ರ ಯಾರೂ ಒಲೆಗೆ ಹಾಕಬೇಡಿರಿ.

ಅಗ್ನಿವೀರರ ವಿಷಯ ಇನ್ನೂ ಬಿಗಿ. 2022ರ ಕೊನೆಗೆ ಭರ್ತಿ ಶುರುವಾದ ಮೊದಲ ತಂಡಕ್ಕೆ 2026ರ ಕೊನೆಗೆ ನಾಲ್ಕು ವರ್ಷ ತುಂಬುತ್ತದೆ. ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬ ಉಳಿಯುತ್ತಾನೆ. ಮನೆಗೆ ಬರುವ ಮೂವರಿಗೆ ಇಡುಗಂಟು ಇದೆ. ಪೆನ್ಷನ್ ಇಲ್ಲ, ಇ.ಸಿ.ಎಚ್.ಎಸ್. ಕಾರ್ಡೂ ಇಲ್ಲ. ಇಪ್ಪತ್ತೈದರ ಹುಡುಗನ ನಿದ್ದೆ ಕೆಟ್ಟರೆ ಅವನಿಗೆ ಉಳಿಯುವುದು ಜಿಲ್ಲೆಯ ಸರ್ಕಾರಿ ದವಾಖಾನೆ ಮತ್ತು ಎಲ್ಲರಿಗೂ ಇರುವ 14416.

ಈ 14416 ಎಂಬುದು ಟೆಲಿ ಮಾನಸ್ ಫೋನು. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡವೂ ಇದೆ, ತೆಲುಗೂ ಇದೆ. ಬೇಕಾದ ಭಾಷೆ ಆರಿಸಬಹುದು. ಸೈನ್ಯದವರಿಗೆಂದು ಇದರದೇ ಒಂದು ಘಟಕ ಪುಣೆಯ ಸೈನ್ಯದ ಮೆಡಿಕಲ್ ಕಾಲೇಜಿನಲ್ಲಿ 2023ರ ಡಿಸೆಂಬರ್ 1ರಂದು ತೆರೆಯಿತು. ಹೆಂಡತಿ, ಮಕ್ಕಳು ಕೂಡ ಫೋನು ಮಾಡಬಹುದು. ನಮ್ಮ ಮಿಲ್ಟ್ರಿ ಸಾಬರ ಮನೆಯಲ್ಲಿ ಮೊದಲು ಫೋನು ಮಾಡಿದ್ದು ಹೆಂಡತಿಯೇ, ಗಂಡ ಹೊಲಕ್ಕೆ ಹೋದ ಮೇಲೆ, ಕನ್ನಡದಲ್ಲಿ, ಅರ್ಧ ತಾಸು.

ಹೊಸ ಯೋಜನೆ ಬೇಕೆಂದು ನಾನು ಕೇಳುತ್ತಿಲ್ಲ. ಇರುವುದರಲ್ಲೇ ಒಂದು ಕೆಲಸ ಆಗಬೇಕು. ಪೆನ್ಷನ್ ತೆಗೆದುಕೊಳ್ಳುವ ಸಿಪಾಯಿ ವರ್ಷಕ್ಕೊಮ್ಮೆ, ಬಹುತೇಕ ನವೆಂಬರ್‌ನಲ್ಲಿ, ತಾನು ಬದುಕಿದ್ದೇನೆಂದು ಹಾಜರಿ ಹಾಕಬೇಕು. ಮೀಸೇವಾಕ್ಕೋ ಬ್ಯಾಂಕಿಗೋ ಹೋಗಿ ಬೆರಳೊತ್ತುತ್ತಾನೆ. ಅವನು ತಾನಾಗಿ ಸರ್ಕಾರದ ಮುಂದೆ ಬರುವ ದಿನ ಅದೊಂದೇ. ಸೈನಿಕ ಕಲ್ಯಾಣ ಇಲಾಖೆಯೂ ಜಿಲ್ಲಾ ಆರೋಗ್ಯ ಇಲಾಖೆಯೂ ಕೂಡಿ ಆ ತಿಂಗಳು ಮಕ್ತಲ್, ನಾರಾಯಣಪೇಟೆ, ಗದ್ವಾಲದಲ್ಲಿ ಒಂದೊಂದು ದಿನ ಶಿಬಿರ ಇಡಲಿ. ಬಿಪಿ, ಸಕ್ಕರೆ ನೋಡುವ ನೆಪ ಇರಲಿ. ಕನ್ನಡ, ತೆಲುಗು ಎರಡೂ ಬಲ್ಲವರು ಕೂತು, ‘ರಾತ್ರಿ ನಿದ್ದಿ ಹ್ಯಾಂಗ ಅದ? ಕನಸು ಬೀಳ್ತಾವೇನು?’ ಎಂದು ಕೇಳಲಿ. ಹೆಂಡತಿಯನ್ನೂ ಕರೆಯಲಿ, ಬೇರೆ ಕೂಡಿಸಿ ಕೇಳಲಿ. ಮತ್ತೆ, ರಾಯಚೂರಿನ ಸರ್ಕಾರಿ ಡಾಕ್ಟರು ಬರೆದ ಗುಳಿಗೆ ಚೀಟಿಯನ್ನು ಈ ಕಡೆಯ ಆರೋಗ್ಯ ಕೇಂದ್ರದಲ್ಲಿ ಒಪ್ಪಲಿ. ಎರಡು ಜಿಲ್ಲೆಯ ಅಧಿಕಾರಿಗಳು ಒಂದು ಪತ್ರ ಬರೆದುಕೊಂಡರೆ ಆಗುವ ಕೆಲಸ ಇದು. ನಮ್ಮ ಅಡತಿ ವ್ಯಾಪಾರಿಗಳು ಮನಸ್ಸು ಮಾಡಿದರೆ ಶಿಬಿರಕ್ಕೆ ಜಾಗ, ಊಟ ಹೊರೆಯೇನಲ್ಲ. ಅಂಗಡಿಯ ಗೋಡೆಗೆ 14416 ಎಂದು ಬರೆಸುವುದಂತೂ ಇವತ್ತೇ ಆದೀತು.

ಮಿಲ್ಟ್ರಿ ಸಾಬರು ಈಗ ರಾಯಚೂರಿನಲ್ಲಿ ತೋರಿಸುತ್ತಿದ್ದಾರೆ. ಎಲ್ಲವನ್ನೂ ಕನ್ನಡದಲ್ಲೇ ಹೇಳಿಕೊಂಡರಂತೆ. ಎರಡನೆಯ ಸಲ ಹೋದಾಗ ಡಾಕ್ಟರ ಎದುರು ಎದ್ದು ನಿಲ್ಲಲಿಲ್ಲವಂತೆ. ಗುಳಿಗೆಗೆ ನಾಲ್ಕು ತಿಂಗಳಾಯಿತು. ಪ್ರತಿ ತಿಂಗಳು ಒಂದು ದಿನದ ಕೂಲಿ, ಎರಡು ಕಡೆಯ ಬಸ್ಸಿನ ಖರ್ಚು. ಹೋದ ವಾರ ಫೋನು ಮಾಡಿದಾಗ ಅವರ ಹೆಂಡತಿ ಹೇಳಿದರು, ‘ಒಳಗ ಇನ್ನಾ ಬಂದಿಲ್ರೀ. ಕಟ್ಟಿ ಮ್ಯಾಲ ಮಲಗ್ತಾರ. ನಾ ಬಾಗಿಲಾ ಹಾಕಂಗಿಲ್ಲ.’